ಭೈರಪ್ಪನವರ ವಂಶ, ಭೈರಪ್ಪನವರ ರಾಷ್ಟ್ರ

ಎಸ್.ಎಲ್. ಭೈರಪ್ಪನವರನ್ನು ಕುರಿತು ಕನ್ನಡ ವಿಮರ್ಶೆ ಬರೆದದ್ದು ಕಡಿಮೆಯೇನಲ್ಲ. ಆದರೆ ಅದರಲ್ಲಿ ಬಹುಪಾಲು ಅವರ ನಿಲುವಿನ ಮೇಲೆ ಕೊಟ್ಟ ತೀರ್ಪು. 2007ರಲ್ಲಿ ‘ಆವರಣ’ ಬಂದ ಮೇಲಂತೂ ಪರ, ವಿರೋಧ ಎಂಬ ಎರಡು ಪಾಳೆಯಗಳು ಗಟ್ಟಿಯಾದವು. ಒಂದು ಪಾಳೆಯಕ್ಕೆ ಅವರು ರಾಷ್ಟ್ರದ ದನಿ, ಇನ್ನೊಂದಕ್ಕೆ ಕೋಮು ರಾಜಕಾರಣದ ವಕ್ತಾರ. ಅವರು ಕಾದಂಬರಿಕಾರರಿಗಿಂತ ಹೆಚ್ಚಾಗಿ ಚರ್ಚಾಪಟು ಎಂಬರ್ಥದ ಮಾತನ್ನು ಯು.ಆರ್. ಅನಂತಮೂರ್ತಿಯವರೇ ಆಡಿದರು. ಆ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಅದು ಯಾವ ಕಾದಂಬರಿಗೆ ಎಷ್ಟು ಸಲ್ಲುತ್ತದೆ ಎಂಬುದನ್ನು ಪಠ್ಯವಿಟ್ಟುಕೊಂಡು ತೋರಿಸುವ ಕೆಲಸ ಹಿಂದೆ ಬಿತ್ತು.

ಇದರ ಬೇರು ನವ್ಯದ ಓದಿನ ಕ್ರಮದಲ್ಲಿದೆ. ಅನಂತಮೂರ್ತಿಯವರ ‘ಸಂಸ್ಕಾರ’ ಮತ್ತು ಭೈರಪ್ಪನವರ ‘ವಂಶವೃಕ್ಷ’ ಎರಡೂ ಹೊರಬಂದದ್ದು 1965ರಲ್ಲಿ. ಬಿಗಿಯಾದ ಬಂಧ, ಸಂಕೇತ, ಒಳತೋಟಿ ಇವುಗಳಲ್ಲಿ ಪಳಗಿದ ವಿಮರ್ಶೆಗೆ ಮೊದಲನೆಯದು ಕೈಗೆ ಸಿಕ್ಕಿತು. ನೂರಾರು ಪುಟ ಹರಡಿಕೊಂಡು, ವಾದಿಸುತ್ತ, ಮನೆತನಗಳ ಕಥೆ ಹೇಳುವ ಎರಡನೆಯದಕ್ಕೆ ತಕ್ಕ ಅಳತೆಗೋಲು ಅದರ ಬಳಿ ಇರಲಿಲ್ಲ. ಅನಕೃ, ತ್ರಿವೇಣಿ ಅವರಿಗೆ ಆದದ್ದೂ ಹೆಚ್ಚುಕಡಿಮೆ ಇದೇ: ಜನ ಓದಿದರು, ವಿಮರ್ಶೆ ದಾಟಿಹೋಯಿತು.

ಭೈರಪ್ಪನವರ ರಾಷ್ಟ್ರಕಲ್ಪನೆಯನ್ನು ಅವರ ಭಾಷಣಗಳಲ್ಲಿ ಹುಡುಕುವುದಕ್ಕಿಂತ ಅವರು ವಂಶದ ಪ್ರಶ್ನೆಯನ್ನು ಎತ್ತಿದ ರೀತಿಯಲ್ಲಿ ಹುಡುಕಬೇಕು ಎಂಬುದು ನನ್ನ ವಾದ. ‘ವಂಶವೃಕ್ಷ’ದಲ್ಲಿ ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಯರು ಕುಲಧರ್ಮವೇ ಉಸಿರು ಎಂದು ಬದುಕಿದವರು. ವಿಧವೆ ಸೊಸೆ ಕಾತ್ಯಾಯಿನಿ ಮರುಮದುವೆಯಾದಾಗ ಮೊಮ್ಮಗ ಉಳಿದದ್ದು ಅವರ ಮನೆಯಲ್ಲೇ. ಅಂಥವರಿಗೆ ಇಳಿವಯಸ್ಸಿನಲ್ಲಿ ಹಳೆಯ ದಾಖಲೆಯೊಂದರಿಂದ ತಿಳಿಯುವುದೇನು? ತಾವೇ ಆ ವಂಶದ ರಕ್ತದವರಲ್ಲ. ಆಸ್ತಿ ದಾಯಾದಿಯ ಪಾಲಾಗದಿರಲಿ ಎಂದು ಹೊರಗಿನವನಿಂದ ಪಡೆದ ಸಂತಾನ. ಪರಂಪರೆಯ ಪರವಾದ ಕಾದಂಬರಿ ಎಂದು ಇದನ್ನು ಬದಿಗಿಟ್ಟವರು ಈ ಘಟ್ಟದ ಮುಂದೆ ನಿಲ್ಲಬೇಕಿತ್ತು. ಪರಂಪರೆಯ ಬುಡವನ್ನೇ ಲೇಖಕ ಇಲ್ಲಿ ಅಗೆದು ನೋಡಿದ್ದಾನೆ. ಶ್ರೋತ್ರಿಯರು ಆಸ್ತಿ ತೊರೆದು ಹೊರಡುತ್ತಾರೆ. ಧರ್ಮ ರಕ್ತದಿಂದ ಬರಲಿಲ್ಲ, ನಡೆಯಿಂದ ಬಂತು.

‘ಪರ್ವ’ (1979) ಇದೇ ಪ್ರಶ್ನೆಯನ್ನು ಇಡೀ ಆರ್ಯಾವರ್ತದ ಅಂಗಳಕ್ಕೆ ತರುತ್ತದೆ. ನಿಯೋಗದಿಂದ ಹುಟ್ಟಿದ ಪಾಂಡವರು ಪಾಂಡುವಿನ ಮಕ್ಕಳೇ, ಅವರಿಗೆ ರಾಜ್ಯದ ಹಕ್ಕಿದೆಯೇ ಎಂಬುದು ಅಲ್ಲಿ ಯುದ್ಧಕ್ಕೆ ಕಾರಣವಾಗುವ ಧರ್ಮಜಿಜ್ಞಾಸೆ. ದೇವತೆಗಳಿಲ್ಲ, ಪವಾಡಗಳಿಲ್ಲ. ಕುಂತಿ, ದ್ರೌಪದಿಯರ ಸ್ವಗತಗಳಲ್ಲಿ ಕುಲಗೌರವದ ಬೆಲೆಯನ್ನು ಹೆಂಗಸರ ಮೈ ತೆತ್ತದ್ದು ಕಾಣುತ್ತದೆ. ರಾಷ್ಟ್ರದ ಮೂಲಕಥೆಯನ್ನೇ ಇಷ್ಟು ನಿರ್ದಾಕ್ಷಿಣ್ಯವಾಗಿ ಬಿಚ್ಚಿದ ಕೃತಿಯನ್ನು ಸಂಸ್ಕೃತಿ ರಕ್ಷಣೆಯ ಪಟ್ಟಿಗೆ ಸೇರಿಸಲು ನನ್ನ ಮನಸ್ಸು ಒಪ್ಪುವುದಿಲ್ಲ.

‘ಗೃಹಭಂಗ’ದ ನಂಜಮ್ಮನಿಗಂತೂ ರಾಷ್ಟ್ರದ ಗೊಡವೆಯೇ ಇಲ್ಲ. ಕೈಲಾಗದ ಗಂಡನ ಶಾನುಭೋಗಿಕೆಯ ಲೆಕ್ಕ ತಾನೇ ಬರೆದು, ಮುತ್ತುಗದ ಎಲೆ ಹಚ್ಚಿ ಮಕ್ಕಳನ್ನು ಸಾಕುವ ಅವಳ ಬದುಕು ಲೇಖಕನ ಯಾವ ಸಿದ್ಧಾಂತಕ್ಕೂ ಸಾಕ್ಷಿ ಹೇಳುವುದಿಲ್ಲ. ನನ್ನ ಮಟ್ಟಿಗೆ ಭೈರಪ್ಪನವರ ಅತ್ಯುತ್ತಮ ಕೃತಿ ಅದೇ.

ಇವುಗಳ ಪಕ್ಕದಲ್ಲಿಟ್ಟು ಓದಿದಾಗ ‘ಆವರಣ’ದ ಸೋಲು ಸ್ಪಷ್ಟವಾಗುತ್ತದೆ. ಮದುವೆಗಾಗಿ ಮತಾಂತರಗೊಂಡು ರಜಿಯಾ ಆಗಿದ್ದ ಲಕ್ಷ್ಮಿ, ತೀರಿಕೊಂಡ ತಂದೆಯ ಮನೆಗೆ ಮರಳಿ, ಅವರು ಕೂಡಿಟ್ಟ ಪುಸ್ತಕಗಳಲ್ಲಿ ಚರಿತ್ರೆಯ ಸತ್ಯ ಕಂಡುಕೊಳ್ಳುತ್ತಾಳೆ. ಶ್ರೋತ್ರಿಯರಿಗೆ ಹಳೆಯ ದಾಖಲೆ ಕೊಟ್ಟದ್ದು ಆಘಾತ. ಲಕ್ಷ್ಮಿಗೆ ಅದು ಕೊಡುವುದು ಖಚಿತತೆ. ತಂದೆ ಓದಿಟ್ಟದ್ದೇ ಉತ್ತರವಾದಾಗ ಮಗಳು ಹುಡುಕಲು ಏನೂ ಉಳಿಯುವುದಿಲ್ಲ. ಎದುರಾಳಿ ಪಾತ್ರಗಳು ವಾದದಲ್ಲಿ ಸೋಲುವುದಕ್ಕಾಗಿಯೇ ಬಂದಂತಿವೆ. ಆ ಚರಿತ್ರೆಯಲ್ಲಿ ಬರುವ ದೇವಾಲಯಗಳ ನಾಶವನ್ನು ಬರೆದದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಕಾದಂಬರಿಗೆ ಅದು ನ್ಯಾಯವಾದ ವಸ್ತು. ವಂಶವನ್ನು ಸಂಶಯದಿಂದ ನೋಡಬಲ್ಲ ಬರಹಗಾರ ರಾಷ್ಟ್ರದ ವಿಷಯದಲ್ಲಿ ಆ ಸಂಶಯವನ್ನು ಕೈಬಿಟ್ಟರು ಎಂಬುದು ನನ್ನ ತಕರಾರು.

2025ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು. ಮರಾಠಿ ಓದುಗರು ಉಮಾ ಕುಲಕರ್ಣಿಯವರ ಅನುವಾದಗಳಲ್ಲಿ ಅವರನ್ನು ತಮ್ಮವರೆಂದೇ ಓದುತ್ತಾರೆ. ಹುಟ್ಟೂರು ಸಂತೇಶಿವರದ ಸುತ್ತಮುತ್ತಲ ಬರ, ಪ್ಲೇಗು, ಶ್ರಾದ್ಧದ ಅಡುಗೆ, ದಾಯಾದಿ ಜಗಳಗಳನ್ನು ಬರೆದವರು ಪುಣೆಯ ಓದುಗರಿಗೆ ‘ನಮ್ಮ ಮನೆ’ಯ ಲೇಖಕರಾದದ್ದು ಹೇಗೆ? ಭಾರತೀಯತೆ ಎಂಬ ಮಾತಿಗೆ ಅವರ ಕಾದಂಬರಿಗಳಲ್ಲಿ ಅರ್ಥವಿದ್ದರೆ ಅದನ್ನು ಈ ಓದಿನಲ್ಲಿ ಹುಡುಕಬೇಕು. ಆ ಕೆಲಸವನ್ನು ಕನ್ನಡ ವಿಮರ್ಶೆ ಇನ್ನೂ ಶುರುಮಾಡಬೇಕಾಗಿದೆ.