ಹೋಲ್ಡನ್ನನ ಸ್ಥಾಯಿಭಾವ

ಅಮೆರಿಕದ ಕಾದಂಬರಿಕಾರನಾದ ಜೆ. ಡಿ. ಸ್ಯಾಲಿಂಜರನ ‘ದಿ ಕ್ಯಾಚರ್ ಇನ್ ದಿ ರೈ’ ಎಂಬ ಗ್ರಂಥವು 1951ರಲ್ಲಿ ಪ್ರಕಟವಾಯಿತು. ಅಂದಿನಿಂದ ಅದನ್ನು ಶಾಲೆಗಳಲ್ಲಿ ಪಾಠ ಹೇಳಿದವರೂ ಉಂಟು. ಶಾಲೆಗಳಿಂದ ಹೊರಗಟ್ಟಿಸಿದವರೂ ಉಂಟು. ಉಭಯಪಕ್ಷದವರೂ ಒಂದು ವಿಷಯದಲ್ಲಿ ಮಾತ್ರ ಏಕಮತಿಗಳು: ಇದು ಲೋಕದ ಮೇಲೆ ಮುನಿದ ಹುಡುಗನೊಬ್ಬನ ಕಥೆಯೆಂಬುದೇ ಅದು. ಈ ಮತವು ಪುನರ್ವಿಮರ್ಶೆಗೆ ಅರ್ಹವೆಂದು ನಮಗೆ ತೋರುತ್ತದೆ. ಮುನಿಸೊಂದೇ ಇದರ ಜೀವವಾಗಿದ್ದ ಪಕ್ಷದಲ್ಲಿ ತರುಣರು ಇದನ್ನು ಮೆಚ್ಚಿ, ಮೀಸೆ ಬಲಿತೊಡನೆ ಮರೆತುಬಿಡುತ್ತಿದ್ದರು; ಐವತ್ತು ದಾಟಿದ ನಮ್ಮಂಥವರನ್ನು ಇದು ತಡೆದು ನಿಲ್ಲಿಸಲು ಕಾರಣವಿರುತ್ತಿರಲಿಲ್ಲ.

ಕಥಾಶರೀರವು ಅತ್ಯಲ್ಪ. ಹೋಲ್ಡನ್ ಕಾಲ್‌ಫೀಲ್ಡ್ ಎಂಬ ಹದಿನಾರರ ಬಾಲಕನು ಪೆನ್ಸಿಲ್ವೇನಿಯದ ವಸತಿಶಾಲೆಯೊಂದರಿಂದ ಉಚ್ಚಾಟಿತನಾಗಿ, ಕ್ರಿಸ್ಮಸ್ಸಿಗೆ ಮುನ್ನ ನ್ಯೂಯಾರ್ಕಿಗೆ ಬಂದು, ತಂದೆತಾಯಿಗಳಿಗೆ ಮುಖ ತೋರಿಸಲಾರದೆ ಕೆಲವು ದಿನ ಅಲೆಯುತ್ತಾನೆ. ಕಥೆಯನ್ನು ಹೇಳುವವನೂ ಅವನೇ. ಅವನ ಮಾತು ಒರಟು. ಪ್ರಥಮಪಠನದಲ್ಲಿ ಈ ಗ್ರಾಮ್ಯತೆಯನ್ನು ಸಹಿಸಲಾರದೆ ಮೂರನೆಯ ಅಧ್ಯಾಯಕ್ಕೇ ಪುಸ್ತಕವನ್ನು ಮುಚ್ಚಿಟ್ಟೆವೆಂಬುದನ್ನು ಒಪ್ಪಿಕೊಳ್ಳಬೇಕು. ವಕ್ತೃವಿನ ಔಚಿತ್ಯದಿಂದ ದೋಷವೂ ಗುಣವಾಗಬಹುದೆಂಬ ಮಮ್ಮಟನ ಅಭಿಪ್ರಾಯವು ನೆನಪಿಗೆ ಬಂದ ಮೇಲೆಯೇ ಮರಳಿ ತೆರೆದದ್ದು. ಈ ಹುಡುಗನು ಶಿಷ್ಟಭಾಷೆಯಲ್ಲಿ ಮಾತಾಡಿದ್ದರೆ, ತಾನು ಹಳಿಯುವ ಸೋಗುಗಾರರ ಪಂಕ್ತಿಯಲ್ಲಿ ತಾನೂ ಕುಳಿತಂತಾಗುತ್ತಿತ್ತು. ನಡುವಣ ಹೋಟೆಲು, ಪಾನಗೃಹಗಳ ಅಧ್ಯಾಯಗಳು ಮಾತ್ರ ನಮಗೆ ಇಂದಿಗೂ ಅತಿದೀರ್ಘವೇ.

ಇನ್ನು ಸ್ಥಾಯಿಯ ವಿಚಾರ. ಹೋಲ್ಡನ್ನನಿಗೆ ಹದಿಮೂರು ವರ್ಷವಾಗಿದ್ದಾಗ, 1946ರ ಜುಲೈ 18ರಂದು, ತಮ್ಮನಾದ ಆಲಿಯು ರಕ್ತದ ಕ್ಯಾನ್ಸರಿನಿಂದ ತೀರಿಕೊಂಡನು. ಆ ರಾತ್ರಿ ಅಣ್ಣನು ಮೋಟಾರುಕೊಟ್ಟಿಗೆಯ ಕಿಟಕಿಗಳ ಗಾಜನ್ನೆಲ್ಲ ಮುಷ್ಟಿಯಿಂದ ಗುದ್ದಿ ಒಡೆದನು. ಇದನ್ನು ಐದನೆಯ ಅಧ್ಯಾಯದಲ್ಲಿ, ಸಹವಾಸಿಗಾಗಿ ಬರೆದುಕೊಟ್ಟ ಪ್ರಬಂಧವೊಂದರ ನೆಪದಿಂದ ಹೇಳಿ ಮುಂದೆ ಸಾಗುತ್ತಾನೆ. ಅಲ್ಪವಿಷಯಗಳಿಗೆಲ್ಲ ಖಿನ್ನನಾದೆನೆಂದು ಮತ್ತೆಮತ್ತೆ ಸಾರುವವನು ಇಲ್ಲಿ ಕೈಯ ನೋವನ್ನಷ್ಟೇ ಹೇಳುತ್ತಾನೆ: ಮಳೆ ಬಂದಾಗ ಅದು ಇನ್ನೂ ನೋಯುತ್ತದೆ, ಮುಷ್ಟಿಯನ್ನು ಬಿಗಿಯಾಗಿ ಕಟ್ಟಲಾಗುವುದಿಲ್ಲ. ಭಾವವನ್ನು ಅದರ ಹೆಸರಿನಿಂದಲೇ ನುಡಿದುಬಿಡುವುದನ್ನು ನಮ್ಮ ಆಲಂಕಾರಿಕರು ರಸದೋಷಗಳಲ್ಲಿ ಎಣಿಸಿದ್ದಾರೆ. ಇಲ್ಲಿ ಅನುಭಾವವಷ್ಟೇ ಉಂಟು. ಆದಕಾರಣ ಶೋಕವೇ ಸ್ಥಾಯಿ. ಎಲ್ಲರೂ ಪ್ರಧಾನವೆಂದು ಎಣಿಸಿದ ಆ ಮುನಿಸು, ನಿರ್ವೇದ, ವಿಷಾದಗಳು ಬಂದುಹೋಗುವ ಸಂಚಾರಿಗಳು. ಸ್ಯಾಲಿಂಜರನು ಮುಂದೆ ನ್ಯೂಯಾರ್ಕಿನ ಸ್ವಾಮಿ ನಿಖಿಲಾನಂದರ ವೇದಾಂತಕೇಂದ್ರದ ಸಂಪರ್ಕವನ್ನು ಪಡೆದನೆಂಬುದನ್ನು ಹಿಡಿದು ಇಲ್ಲಿ ವೈರಾಗ್ಯವನ್ನು ಅರಸುವ ಲೋಭವು ನಮ್ಮಂಥವರಿಗೆ ಸಹಜ, ಅದು ಸಲ್ಲದು. ಬೀದಿಯನ್ನು ದಾಟುವಾಗಲೆಲ್ಲ, ತಾನು ಮಾಯವಾಗದಂತೆ ಕಾಪಾಡೆಂದು ಸತ್ತ ತಮ್ಮನನ್ನು ಬೇಡುವವನು ವಿರಕ್ತನಲ್ಲ.

ಗ್ರಂಥನಾಮವೂ ಒಂದು ಅಪಪಾಠದಿಂದ ಹುಟ್ಟಿದ್ದು. ರಾಬರ್ಟ್ ಬರ್ನ್ಸನ ಗೀತದಲ್ಲಿ ‘ಸಂಧಿಸು’ ಎಂಬರ್ಥದ ಪದವಿರುವಲ್ಲಿ ಹೋಲ್ಡನ್ನನು ‘ಹಿಡಿ’ ಎಂಬರ್ಥದ ಪದವನ್ನು ಗ್ರಹಿಸಿದ್ದಾನೆ. ರೈ ಎಂಬ ಧಾನ್ಯದ ಹೊಲದಲ್ಲಿ ಸಾವಿರಾರು ಮಕ್ಕಳು ಆಡುತ್ತಿರಲು, ಪ್ರಪಾತದ ಅಂಚಿಗೆ ಓಡಿಬಂದವರನ್ನು ಹಿಡಿದುಕೊಳ್ಳುವುದೇ ತನ್ನ ವೃತ್ತಿಯಾಗಬೇಕೆಂದು ಅವನ ಹಂಬಲ. ಪಾಠವನ್ನು ತಿದ್ದುವವಳು ಹತ್ತು ವರ್ಷದ ತಂಗಿ ಫೀಬಿ. ಆಲಿ ಸತ್ತಿದ್ದಾನೆಂದು ತುಸು ಮುನ್ನ ಮುಖದ ಮೇಲೆಯೇ ಹೇಳಿದವಳೂ ಅವಳೇ. ಒಬ್ಬನನ್ನು ಹಿಡಿಯಲಾಗದವನು ಎಲ್ಲರನ್ನೂ ಹಿಡಿಯಬಯಸುತ್ತಾನೆ. ತಪ್ಪುಪಾಠಕ್ಕೆ ಇಷ್ಟು ಅರ್ಥವು ದೊರೆಯುವುದು ಅಪೂರ್ವ.

ಮಳೆಯನ್ನು ಮಾತ್ರ ವಿಮರ್ಶಕರು ಸಾಕಷ್ಟು ಗಮನಿಸಿದಂತೆ ಕಾಣದು. ಕೈ ನೋಯಿಸುವ ಆ ಮಳೆಯೇ ಮತ್ತೆ ಶ್ಮಶಾನದ ನೆನಪಿನಲ್ಲಿ ಸುರಿಯುತ್ತದೆ: ನೋಡಬಂದವರು ಓಡಿ ಮೋಟಾರುಗಳನ್ನು ಸೇರಿ ಊಟಕ್ಕೆ ಹೊರಡಬಲ್ಲರು, ಆಲಿಯು ಹೊರಡಲಾರನು, ಇದನ್ನು ಹೋಲ್ಡನ್ನನು ಸಹಿಸಲಾರನು. ಕೊನೆಯಲ್ಲಿ ಫೀಬಿಯು ಉದ್ಯಾನದಲ್ಲಿ ತಿರುಗುವ ಮರದ ಕುದುರೆಯನ್ನೇರಿದ್ದಾಳೆ. ಮಕ್ಕಳು ಹೊಂಬಣ್ಣದ ಬಳೆಗೆ ಕೈಚಾಚುತ್ತಾರೆ. ಬಿದ್ದರೆ ಬೀಳಲಿ, ತಡೆಯಬಾರದೆಂದು ಹೋಲ್ಡನ್ನನಿಗೆ ಈಗ ಅನ್ನಿಸುತ್ತದೆ. ಅಷ್ಟರಲ್ಲಿ ಮಳೆ ಬಿರುಸಾಗುತ್ತದೆ. ಉಳಿದವರೆಲ್ಲ ಸೂರಿನಡಿಗೆ ಓಡುತ್ತಾರೆ. ಈತನು ಓಡುವುದಿಲ್ಲ, ಬೆಂಚಿನ ಮೇಲೆ ನೆನೆಯುತ್ತ ಕುಳಿತು, ನೀಲಿ ಅಂಗಿ ತೊಟ್ಟು ಸುತ್ತುತ್ತಿರುವ ತಂಗಿಯನ್ನು ನೋಡುತ್ತ, ಸಂತೋಷದಿಂದ ಅಳುವಷ್ಟಾಗುತ್ತಾನೆ.