ಗೋರಿಯ ಪಕ್ಕ ಒಂಟಿ ಡೇರೆ

ಸ್ಕಾಟ್ಲೆಂಡಿನ ಉತ್ತರದ ತುದಿ ದಾಟಿದರೆ ಆರ್ಕ್ನಿ ದ್ವೀಪಗಳು. ಅವುಗಳಲ್ಲಿ ಗುಡ್ಡಗಾಡಿನದು ಹೊಯ್. ಅಲ್ಲಿನ ಜೌಗು ಕಣಿವೆಯೊಂದರಲ್ಲಿ ಎಂಟೂವರೆ ಮೀಟರ್ ಉದ್ದದ ಮರಳುಗಲ್ಲಿನ ಬಂಡೆಯೊಂದು ಬಿದ್ದುಕೊಂಡಿದೆ. ಸುಮಾರು 5,000 ವರ್ಷಗಳ ಹಿಂದೆ, ಲೋಹವನ್ನೇ ಕಾಣದ ಜನ ಕಲ್ಲಿನಿಂದ ಕಲ್ಲು ಕುಟ್ಟಿ ಅದರ ಹೊಟ್ಟೆಯೊಳಗೆ ಒಂದು ಕಿರುದಾರಿ, ಎರಡು ಗೂಡು ಕೊರೆದರು. ಒಂದು ಗೂಡಿನಲ್ಲಿ ತಲೆದಿಂಬಿನಂತೆ ಕಲ್ಲನ್ನು ಎತ್ತರಿಸಿ ಬಿಟ್ಟಿದ್ದಾರೆ. ಡ್ವಾರ್ಫಿ ಸ್ಟೇನ್ ಎಂಬ ಈ ಗೋರಿಯ ಮೈಮೇಲೆ 1850ರ ಒಂದು ಬರಹವಿದೆ, ಅದೂ ಪರ್ಷಿಯನ್ ಭಾಷೆಯಲ್ಲಿ. ಬೀದರ್, ವಿಜಯಪುರಗಳ ಗೋಡೆಗಳಲ್ಲಿ ಆ ಲಿಪಿಯನ್ನು ನೋಡುತ್ತ ಬೆಳೆದವರೂ ಇಲ್ಲಿ ಅದನ್ನು ಕಂಡು ಕಣ್ಣುಜ್ಜಿಕೊಳ್ಳಬೇಕು. ಬರೆದವನು ವಿಲಿಯಂ ಮೌನ್ಸಿ. ಪರ್ಷಿಯಾ ಕಡೆ ಬ್ರಿಟಿಷರ ಗೂಢಚಾರನಾಗಿ ಓಡಾಡಿದ ಸೇನಾಧಿಕಾರಿ. ಎರಡು ರಾತ್ರಿ ಇಲ್ಲಿ ಕೂತು ತಾಳ್ಮೆ ಕಲಿತೆ ಎಂಬುದು ಬರಹದ ಸಾರ. ಸಾಲದೆಂದು ತನ್ನ ಹೆಸರನ್ನೂ ಲ್ಯಾಟಿನ್‌ನಲ್ಲಿ ತಿರುವುಮುರುವಾಗಿ ಕೆತ್ತಿದ್ದಾನೆ. ಆ ಕಣಿವೆಯ ನುಸಿಗಳ ಕಾಟ ಬಲ್ಲವರಿಗೆ ಅವನ ತಾಳ್ಮೆಯ ಮೂಲ ತಟ್ಟನೆ ಹೊಳೆಯುತ್ತದೆ.

ಪುರಾತನ ಗೋರಿಗಳ ಆಸುಪಾಸಿನಲ್ಲಿ, ಕಡಲಂಚಿನಲ್ಲಿ ಒಬ್ಬರೇ ಡೇರೆ ಹಾಕಿ ಅಲೆಯುವ ಪ್ರವಾಸಕ್ಕೆ ಈಚೆಗೆ ದೊಡ್ಡ ಬಳಗವೇ ಇದೆ. ಪುಸ್ತಕಗಳು, ವಿಡಿಯೊಗಳು, ಪತ್ರಿಕಾ ಲೇಖನಗಳು ಒಂದರ ಹಿಂದೊಂದು ಬರುತ್ತವೆ. ಹೆಚ್ಚಿನವು ಮೌನ್ಸಿಯ ಜಾಡನ್ನೇ ಹಿಡಿದಿವೆ: ಒಬ್ಬರೇ ಹೋಗುವುದು, ಸತ್ತವರ ಪಕ್ಕ ರಾತ್ರಿ ಕಳೆಯುವುದು, ತಮ್ಮ ಬಗ್ಗೆ ಏನೋ ಕಲಿತೆವೆಂದು ಸಾರುವುದು. ಮೊದಲನೆಯದರಲ್ಲಿ ಹುರುಳಿದೆ. ಎರಡನೆಯದಕ್ಕೆ ನಿಯಮಗಳ ತಕರಾರಿದೆ. ಮೂರನೆಯದನ್ನು ಆ ಗೋರಿಗಳೇ ಒಪ್ಪುವುದಿಲ್ಲ.

ಒಳ್ಳೆಯದನ್ನು ಮೊದಲು ಹೇಳಬೇಕು. ಆರ್ಕ್ನಿಗೆ ಬೇಸಿಗೆಯಲ್ಲಿ ಭಾರಿ ಪ್ರವಾಸಿ ಹಡಗುಗಳು ಬರುತ್ತವೆ. ಇಳಿದವರನ್ನು ಬಸ್ಸುಗಳು ಸ್ಕಾರಾ ಬ್ರೇ ಎಂಬ ಪುರಾತನ ಹಳ್ಳಿ, ರಿಂಗ್ ಆಫ್ ಬ್ರಾಡ್ಗರ್ ಎಂಬ ಕಲ್ಲುವೃತ್ತ, ಮೇಸ್‌ಹೌ ಎಂಬ ಗೋರಿಗಳಿಗೆ ಸುತ್ತಿಸಿ ಸಂಜೆಯೊಳಗೆ ಬಂದರಿಗೆ ಮುಟ್ಟಿಸುತ್ತವೆ. 1999ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಈ ಜಾಗಗಳು ಅವರ ಕಣ್ಣಿಗೆ ಬಿಡಿ ಬಿಡಿ ವಸ್ತುಗಳಾಗಿ ಬೀಳುತ್ತವೆ. ಬೆನ್ನ ಮೇಲೆ ಡೇರೆ ಹೊತ್ತು ರೌಸಿ ದ್ವೀಪದ ದಂಡೆಗುಂಟ ನಡೆಯುವವರಿಗೆ ಹಾಗಲ್ಲ. ಟಾವರ್ಸೊ ಟುಯಿಕ್, ಬ್ಲ್ಯಾಕ್‌ಹ್ಯಾಮರ್, ನೋ ಆಫ್ ಯಾರ್ಸೊ, ಮಿಡ್‌ಹೌ ಎಂದು ಒಂದಾದ ಮೇಲೊಂದು ಗೋರಿ ಸಿಗುತ್ತದೆ. ಕೆಳಗೆ ಉಳುವ ಹೊಲ, ಮೇಲೆ ಬಂಜರು ಗುಡ್ಡ. ಹೆಚ್ಚಿನವು ಇವೆರಡರ ನಡುವಿನ ಇಳಿಜಾರಿನಲ್ಲಿ ಕಡಲಿಗೆ ಎದುರಾಗಿ ನಿಂತಿವೆ. ಈ ಲೆಕ್ಕಾಚಾರ ನಕ್ಷೆಗಿಂತ ಬೇಗ ಕಾಲಿಗೆ ತಿಳಿಯುತ್ತದೆ. ಯಾರ್ಸೊದ ಏರು ಹತ್ತಿ ಏದುಸಿರು ಬಿಟ್ಟವರಿಗೆ, ಹೆಣವನ್ನೋ ಮೂಳೆಯನ್ನೋ ಇಲ್ಲಿಯವರೆಗೆ ಹೊತ್ತು ತಂದವರ ಶ್ರಮದ ಅಂದಾಜು ಸಿಗುತ್ತದೆ.

ಕಲ್ಲಿನ ವಿಷಯವೂ ಹಾಗೆಯೇ. ಇಲ್ಲಿನ ಬಂಡೆ ನಮ್ಮ ಶಹಾಬಾದ್ ಕಲ್ಲಿನಂತೆ ಪದರಪದರವಾಗಿ, ಚಪ್ಪಡಿಯಾಗಿ ಏಳುತ್ತದೆ. ಕಡಲ ತಡಿಯಲ್ಲಿ ಅಲೆಯೇ ಬಿಡಿಸಿಟ್ಟ ಹಾಸುಗಳು ಬಿದ್ದಿರುತ್ತವೆ. ಅದೇ ಬೆಳಗ್ಗೆ ಮಿಡ್‌ಹೌ ಒಳಗೆ ನೋಡಿದರೆ ಅಂಥವೇ ಹಾಸುಗಳು ಗೋಡೆಯಾಗಿ ಎದ್ದಿವೆ. 23 ಮೀಟರ್ ಉದ್ದದ ಒಂದೇ ಕೋಣೆಯನ್ನು ಎದುರುಬದುರು ನೆಟ್ಟ ಚಪ್ಪಡಿಗಳು 12 ಅಂಕಣಗಳಾಗಿ ಸೀಳುತ್ತವೆ. 1930ರ ದಶಕದಲ್ಲಿ ಅಗೆದಾಗ ಸಿಕ್ಕಿದ್ದು 25 ಮಂದಿಯ ಅವಶೇಷ. ಕೆಲವರನ್ನು ಒಂದು ಬದಿಯ ಕಲ್ಲುಜಗಲಿಯ ಮೇಲೆ ಮಂಡಿ ಮಡಚಿ ಇಟ್ಟಿದ್ದರು. ಇಡೀ ಗೋರಿಯ ಮೇಲೆ ಈಗ ಗೋದಾಮಿನಂಥ ಕಟ್ಟಡವಿದೆ; ನೋಡುವವರು ಮೇಲಿನ ಅಟ್ಟಣೆಯಲ್ಲಿ ನಿಂತು ಕೆಳಗೆ ಇಣುಕಬೇಕು. ಮಾರ್ಗದರ್ಶಿಯ ಅವಸರವಿಲ್ಲದೆ ಅಲ್ಲಿ ಒಂದು ಗಂಟೆ ನಿಲ್ಲುವುದು ಒಂಟಿ ಪ್ರವಾಸಿಗೆ ಸುಲಭ.

ಈ ಸ್ವಾತಂತ್ರ್ಯಕ್ಕೆ ಬೆನ್ನೆಲುಬಾಗಿ ಕಾನೂನಿದೆ. ಭೂಸುಧಾರಣೆ ಎಂದರೆ ಕರ್ನಾಟಕದಲ್ಲಿ ನೆನಪಾಗುವುದು 1974ರ ತಿದ್ದುಪಡಿ, ಗೇಣಿದಾರರಿಗೆ ಸಿಕ್ಕ ಹೊಲ. ಸ್ಕಾಟ್ಲೆಂಡಿನ 2003ರ ಭೂಸುಧಾರಣಾ ಕಾಯ್ದೆ ಇನ್ನೊಂದು ಬಗೆಯದನ್ನೂ ಕೊಟ್ಟಿತು: ಖಾಸಗಿ ಜಮೀನಿನಲ್ಲೂ ಜವಾಬ್ದಾರಿಯಿಂದ ನಡೆಯುವ, ರಾತ್ರಿ ತಂಗುವ ಹಕ್ಕು. ಇಂಗ್ಲೆಂಡಿನಲ್ಲಿ ರಾತ್ರಿ ತಂಗುವ ಇಂಥ ಹಕ್ಕು ಡಾರ್ಟ್‌ಮೂರ್‌ನಲ್ಲಿ ಮಾತ್ರ ಉಳಿದಿದೆ. ಅದನ್ನು ಉಳಿಸಿಕೊಳ್ಳಲೂ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು, ತೀರ್ಪು ಬಂದದ್ದು 2025ರಲ್ಲಿ.

ಆದರೆ ಹಕ್ಕಿನ ಜೊತೆ ಬಂದ ನಡಾವಳಿ ಸಂಹಿತೆಯ ಮಾತನ್ನು ಡೇರೆಯ ಬರಹಗಾರರು ಮೆಲ್ಲಗೆ ನುಂಗಿಬಿಡುತ್ತಾರೆ. ಕಡಿಮೆ ಜನ, ಒಂದೆಡೆ ಎರಡು ಮೂರು ರಾತ್ರಿಗಿಂತ ಹೆಚ್ಚಿಲ್ಲ, ಬೆಳೆ ಅಥವಾ ದನಕರು ಇರುವ ಬೇಲಿಯೊಳಗೆ ಬೇಡ ಎನ್ನುವ ಅದೇ ಸಂಹಿತೆ, ಕಟ್ಟಡ, ರಸ್ತೆ ಮತ್ತು ಚಾರಿತ್ರಿಕ ರಚನೆಗಳಿಂದ ಸಾಕಷ್ಟು ದೂರವಿರಿ ಎಂದೂ ಹೇಳುತ್ತದೆ. ಅಂದರೆ ಗೋರಿಯ ಬಾಗಿಲಲ್ಲಿ ಡೇರೆ ಹೊಳೆಯುವ ಆ ಜನಪ್ರಿಯ ಚಿತ್ರವೇ ಸಂಹಿತೆಗೆ ವಿರುದ್ಧ. ತೆಳುಮಣ್ಣಿನ ಕೆಳಗೆ ಇನ್ನೂ ಯಾರೂ ಅಗೆಯದ ಪದರವಿರಬಹುದಾದ ಜಾಗದಲ್ಲಿ ಬಡಿದ ಗೂಟ, ಹಚ್ಚಿದ ಒಲೆ ಎರಡೂ ಗುರುತು ಬಿಟ್ಟೇ ಹೋಗುತ್ತವೆ.

ಇಲ್ಲಿ ಒಂದು ವಕ್ರ ಇತಿಹಾಸವೂ ಇದೆ. 12ನೇ ಶತಮಾನದಲ್ಲಿ ಬಿರುಗಾಳಿಗೆ ಸಿಕ್ಕ ನಾರ್ಸ್ ದಂಡೊಂದು ಮೇಸ್‌ಹೌ ಒಳಗೆ ಆಶ್ರಯ ಪಡೆಯಿತು, ಇಬ್ಬರಿಗೆ ಅಲ್ಲೇ ಹುಚ್ಚು ಹಿಡಿಯಿತು ಎಂದು ಆರ್ಕ್ನಿಯ ಹಳೆಯ ಸಾಗಾ ಕಥನ ಹೇಳುತ್ತದೆ. ಅದೇ ಶತಮಾನದಲ್ಲಿ ಆ ಗೋಡೆಗಳ ಮೇಲೆ ಕೆತ್ತಿದ ಸುಮಾರು 30 ರೂನ್ ಲಿಪಿಯ ಬರಹಗಳಲ್ಲಿ ಬಡಾಯಿ, ನಿಧಿಯ ಸುದ್ದಿ, ಹೆಂಗಸರ ಬಗ್ಗೆ ಪೋಲಿ ಮಾತು ಎಲ್ಲ ಇವೆ. ಅವು ಈಗ ರಕ್ಷಿತ ಪರಂಪರೆ. 2019ರಲ್ಲಿ ಬ್ರಾಡ್ಗರ್‌ನ ಕಲ್ಲೊಂದರ ಮೇಲೆ ಯಾರೋ ಗೀಚಿದ್ದು ಪೊಲೀಸ್ ಪ್ರಕರಣ. ಇದು ಇಬ್ಬಗೆ ನೀತಿ ಎಂದು ಮೂಗು ಮುರಿಯುವವರಿದ್ದಾರೆ. ಸಾವಿರಾರು ಜನ ತುಳಿಯುವ ಜಾಗಕ್ಕೆ ಒಬ್ಬಿಬ್ಬರು ಸುಳಿಯುತ್ತಿದ್ದ ಕಾಲದ ಸಲಿಗೆ ಒಗ್ಗುವುದಿಲ್ಲ ಎಂಬುದು ಅದಕ್ಕೆ ಸರಿಯಾದ ಉತ್ತರ. ಬ್ರಾಡ್ಗರ್‌ನಲ್ಲಿ ಹುಲ್ಲು ಸವೆದು ಕೆಸರಾಗಿ, ವೃತ್ತದ ಒಳದಾರಿಯನ್ನು ಆಗಾಗ ಮುಚ್ಚಬೇಕಾಗಿ ಬಂದಿದೆ.

ಇನ್ನು ಮೂರನೆಯ ಮಾತು. ಸಾವಿನ ಸನ್ನಿಧಿಯಲ್ಲಿ ತನ್ನನ್ನು ತಾನು ಕಂಡುಕೊಳ್ಳುವ ಈ ಹಂಬಲಕ್ಕೆ ಆರ್ಕ್ನಿಯ ಗೋರಿಗಳಷ್ಟು ಒಗ್ಗದ ಜಾಗ ಇನ್ನೊಂದಿಲ್ಲ. ಸೌತ್ ರೊನಾಲ್ಡ್ಸೆ ದ್ವೀಪದ ಬಂಡೆಯಂಚಿನಲ್ಲಿರುವ ಇಸ್‌ಬಿಸ್ಟರ್ ಗೋರಿಯನ್ನು 1958ರಲ್ಲಿ ಅಲ್ಲಿನ ರೈತ ರಾನಿ ಸಿಮಿಸನ್ ಕಂಡುಹಿಡಿದರು. ಒಳಗೆ ಸಿಕ್ಕಿದ್ದು ಸುಮಾರು 16,000 ಮನುಷ್ಯ ಮೂಳೆಗಳು. ಒಬ್ಬೊಬ್ಬರ ಅಸ್ಥಿಪಂಜರ ಒಂದೊಂದೆಡೆ ಇರಲಿಲ್ಲ. ತಲೆಬುರುಡೆಗಳು ಒಂದು ಕಡೆ, ಉಳಿದ ಮೂಳೆಗಳು ಕಲಸಿಕೊಂಡು ಇನ್ನೊಂದು ಕಡೆ. ಯಾರ್ಸೊದಲ್ಲೂ ಬುರುಡೆಗಳನ್ನು ಹೀಗೆ ಗೋಡೆಗುಂಟ ಜೋಡಿಸಿದ್ದರು. ಸತ್ತ ಮೇಲೆ ‘ನಾನು’ ಎಂಬುದನ್ನು ಕಳಚಿ ಎಲ್ಲರೊಳಗೆ ಬೆರೆಸುವುದೇ ಆ ಜನರ ಪದ್ಧತಿಯಾಗಿದ್ದಂತಿದೆ. ಅಂಥ ಕಡೆ ಕೂತು ನನ್ನ ಒಳಗನ್ನು ಕಂಡೆ ಎಂದು ಬರೆಯುವವರು ಎದುರಿಗಿರುವುದನ್ನು ನೋಡಿಯೇ ಇಲ್ಲ.

ಹದ್ದುಗಳ ಕತೆ ಇನ್ನೂ ಪಾಠ ಕಲಿಸುವಂಥದು. ಇಸ್‌ಬಿಸ್ಟರ್‌ನಲ್ಲಿ ಕಡಲಹದ್ದಿನ ಮೂಳೆಗಳೂ ಸಿಕ್ಕಿದ್ದರಿಂದ, ಹದ್ದು ಆ ಕುಲದ ಲಾಂಛನವಾಗಿತ್ತು, ಹೆಣಗಳನ್ನು ಹದ್ದಿಗೆ ಬಿಡುತ್ತಿದ್ದರು ಎಂಬ ಊಹೆ ಬೇರೂರಿತು. ಪ್ರವಾಸ ಬರಹಗಳಿಗೆ ಇದಕ್ಕಿಂತ ರುಚಿ ಬೇಕೆ? ಮುಂದೆ ಕಾಲನಿರ್ಣಯ ಮಾಡಿದಾಗ ಆ ಹದ್ದುಗಳು ಸತ್ತದ್ದು ಕ್ರಿ.ಪೂ. 2450ರಿಂದ 2050ರ ನಡುವೆ, ಅಂದರೆ ಗೋರಿ ಕಟ್ಟಿ ಸಾವಿರ ವರ್ಷದಷ್ಟು ಕಳೆದ ಮೇಲೆ ಎಂದು ತಿಳಿಯಿತು. ಕಟ್ಟಿದವರ ಲಾಂಛನ ಅದಾಗಿತ್ತೆಂಬ ಮಾತು ಅಲ್ಲಿಗೆ ಕುಸಿಯಿತು. ಡೇರೆಯ ಬರಹಗಳಲ್ಲಿ ಮಾತ್ರ ಅದು ಇನ್ನೂ ಹಾರಾಡುತ್ತಿದೆ.

ಕನ್ನಡ ನಾಡಿಗೂ ಇಂಥ ದುಡುಕಿನ ಊಹೆಯ ನಂಟಿದೆ. 19ನೇ ಶತಮಾನದ ನಡುವೆ ಸುರಪುರದ ಆಡಳಿತ ನೋಡುತ್ತಿದ್ದ ಮೆಡೋಸ್ ಟೇಲರ್, ಆ ಸೀಮೆಯ ಕಲ್ಲುಗೋರಿಗಳನ್ನು ಅಗೆಸಿ, ಅಳೆದು, ಚಿತ್ರಿಸಿ, ಅವು ಬ್ರಿಟನ್ನಿನ ಗೋರಿಗಳಂತೆಯೇ ಇವೆಯೆಂದು ಬೆರಗಾದ. ಎರಡನ್ನೂ ಕಟ್ಟಿದವರು ಒಂದೇ ಮೂಲದವರೆಂಬ ತೀರ್ಮಾನದತ್ತ ವಾಲಿದ. ನಮ್ಮ ಬೃಹತ್ ಶಿಲಾ ಗೋರಿಗಳು ಕಬ್ಬಿಣಯುಗದವು, ಆರ್ಕ್ನಿಯವಕ್ಕಿಂತ ಸಾವಿರಾರು ವರ್ಷ ಕಿರಿಯವು ಎಂಬುದು ಈಗ ಗೊತ್ತಿದೆ. ಆ ತೀರ್ಮಾನ ಬಿದ್ದುಹೋದರೂ ಟೇಲರ್‌ನ ಅಳತೆ, ಚಿತ್ರಗಳು ಕೆಲಸಕ್ಕೆ ಬರುತ್ತವೆ. ಕಣ್ಣಿಗೆ ಕಂಡದ್ದನ್ನು ಬರೆದಿಟ್ಟವರ ಲಾಭ ಅದು.

‘ನಿರ್ಜನ’ ಎಂಬ ಮಾತನ್ನೂ ಒರೆಗೆ ಹಚ್ಚಬೇಕು. ರೌಸಿಯ ವೆಸ್ಟ್‌ನೆಸ್‌ನಲ್ಲಿ 1963ರಲ್ಲಿ ರೈತರೊಬ್ಬರು ಸತ್ತ ಹಸುವನ್ನು ಹೂಳಲು ಗುಂಡಿ ತೋಡಿದರು. ಸಿಕ್ಕಿದ್ದು ವೈಕಿಂಗ್ ಕಾಲದ ಹೆಂಗಸು ಮತ್ತು ಹಸುಗೂಸಿನ ಸಮಾಧಿ, ಜೊತೆಗೆ ಸೊಗಸಾದ ಬೆಳ್ಳಿಯ ಪದಕಸೂಜಿ. ಇಸ್‌ಬಿಸ್ಟರ್ ಗೋರಿಯನ್ನು ದಶಕಗಳ ಕಾಲ ಜನರಿಗೆ ತೋರಿಸಿದ್ದು ಸಿಮಿಸನ್ ಕುಟುಂಬವೇ. ತಗ್ಗು ಬಾಗಿಲೊಳಗೆ ಚಕ್ರದ ಹಲಗೆಯ ಮೇಲೆ ಮಲಗಿ, ಹಗ್ಗ ಎಳೆದುಕೊಂಡು ನುಸುಳಬೇಕಿತ್ತು. ಕೋವಿಡ್ ಕಾಲದಲ್ಲಿ ಅದು ಮುಚ್ಚಿತು. ಹೊಯ್‌ನ ಬಂಜರಿನಲ್ಲಿ ತಲೆಗೇ ಎರಗುವ ಸ್ಕುವಾ ಹಕ್ಕಿಗಳಿಗೂ ಅದು ನಿರ್ಜನವಲ್ಲ, ಗೂಡಿರುವ ಮನೆ. ಬೇಲಿ, ಮೇವು, ದನ, ಹಕ್ಕಿ, ರೈತರು ಎಲ್ಲರನ್ನೂ ಚೌಕಟ್ಟಿನಿಂದ ಆಚೆಗಿಟ್ಟು ತೆಗೆದ ಚಿತ್ರದಲ್ಲಷ್ಟೇ ಈ ಕರಾವಳಿ ನಿರ್ಜನ.

ಈ ಬಗೆಯ ಪ್ರವಾಸ ನಿಜಕ್ಕೂ ಬೆಲೆ ಗಳಿಸುವುದು ಕಡಲಂಚಿನಲ್ಲೇ. ಮಿಡ್‌ಹೌನಿಂದ ನಡೆದು ಹೋಗುವಷ್ಟು ದೂರದ ಸ್ವಾಂಡ್ರೊದಲ್ಲಿ ನವಶಿಲಾಯುಗದ ಗೋರಿಯೊಂದನ್ನು ಅಲೆಗಳು ತಿನ್ನುತ್ತಿವೆ. ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದ ತಂಡ ಹಲವು ಬೇಸಿಗೆಗಳಲ್ಲಿ ಅಲ್ಲಿ ಅಗೆದಿದೆ, ಕಡಲಿಗಿಂತ ಮೊದಲು ಓದಿ ಮುಗಿಸುವ ಆತುರದಲ್ಲಿ. ಇಂಥ ನೂರಾರು ಜಾಗಗಳ ಸ್ಥಿತಿ ತಿಳಿಯಲು ಸ್ಕೇಪ್ ಎಂಬ ಸಂಸ್ಥೆ 2012ರಲ್ಲಿ ಸ್ಕಾಟ್ಲೆಂಡಿನ ಸಾಮಾನ್ಯ ಜನರ ನೆರವು ಪಡೆಯುವ ಯೋಜನೆಯೊಂದನ್ನು ಆರಂಭಿಸಿತು. ದಂಡೆಯಲ್ಲಿ ನಡೆಯುವವರು ಕುಸಿದ ಅಂಚಿನ ಚಿತ್ರ ತೆಗೆದು, ಜಾಗ ಗುರುತಿಸಿ, ಮೊಬೈಲಿನಲ್ಲೇ ವರದಿ ಕಳಿಸುವ ವ್ಯವಸ್ಥೆ ಅದು. ಇದಕ್ಕೆ ಒಂಟಿ ಕ್ಯಾಂಪರ್‌ಗಿಂತ ತಕ್ಕವರು ಯಾರು? ಬಸ್ಸು ಹೋಗದ ಕಡೆ ಅವರು ಹೋಗುತ್ತಾರೆ, ಬಿರುಗಾಳಿಯ ಮಾರನೆಯ ಬೆಳಗ್ಗೆ ಅಲ್ಲೇ ಇರುತ್ತಾರೆ. ಡೇರೆಯನ್ನು ಗೋರಿಯಿಂದ ದೂರಕ್ಕೆ ಸರಿಸಿ, ಹಗಲನ್ನು ಈ ಕುಸಿಯುವ ಅಂಚಿಗೆ ಕೊಟ್ಟರೆ, ಅವರ ಒಂದು ಪುಟದ ವರದಿಗೆ ಉತ್ಖನನಕಾರರೇ ಕಾದು ಕೂತಿರುತ್ತಾರೆ.