ಕಲಾಸಂಗ್ರಹಾಲಯ, ರಸಾನುಭವ, ಶಿಕ್ಷಣ: ಅರಳಗುಪ್ಪೆಯ ಭುವನೇಶ್ವರಿಯ ನಿದರ್ಶನದಿಂದ ಒಂದು ವಿಚಾರ

೧

ವಸ್ತುಸಂಗ್ರಹಾಲಯವೂ ಒಂದು ವಿದ್ಯಾಸಂಸ್ಥೆಯೆಂಬುದು ಇಂದು ಸರ್ವರೂ ಒಪ್ಪಿರುವ ಮಾತು. ಬೆಂಗಳೂರಿನಲ್ಲಿ ೧೮೬೫ರಷ್ಟು ಹಿಂದೆಯೇ ಸರ್ಕಾರಿ ವಸ್ತುಸಂಗ್ರಹಾಲಯ ಸ್ಥಾಪಿತವಾಯಿತು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಚಿತ್ರಶಾಲೆ ಏರ್ಪಟ್ಟು ನೂರು ವರ್ಷ ಮೀರಿದೆ. ೨೦೦೯ರಲ್ಲಿ ಬೆಂಗಳೂರಿನ ಮಾಣಿಕ್ಯವೇಲು ಭವನದಲ್ಲಿ ರಾಷ್ಟ್ರೀಯ ಆಧುನಿಕ ಕಲಾಸಂಗ್ರಹಾಲಯದ ಶಾಖೆ ತೆರೆಯಿತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯ ವಿದ್ಯಾರ್ಥಿಗಳಿಗೆ ಇವೆಲ್ಲವೂ ಒಂದು ದಿನದ ಪ್ರಯಾಣದ ಅಳವಿನಲ್ಲಿವೆ. ಪ್ರವಾಸ ಹೊರಡುತ್ತದೆ, ಸಾಲುಗಟ್ಟಿ ಕೊಠಡಿಗಳನ್ನು ದಾಟುತ್ತಾರೆ, ಫಲಕಗಳನ್ನು ಟಿಪ್ಪಣಿಪುಸ್ತಕಕ್ಕೆ ಇಳಿಸಿಕೊಳ್ಳುತ್ತಾರೆ, ಹಿಂದಿರುಗಿ ವರದಿ ಬರೆಯುತ್ತಾರೆ. ಆ ವರದಿಯಲ್ಲಿ ಕಾಲ, ರಾಜವಂಶ, ಶಿಲೆಯ ಜಾತಿ ಎಲ್ಲವೂ ಇರುತ್ತವೆ. ಕಂಡ ಶಿಲ್ಪಗಳಲ್ಲಿ ಒಂದಾದರೂ ಬರೆದವನ ಮನಸ್ಸಿನಲ್ಲಿ ನಿಂತಿತೆಂಬುದಕ್ಕೆ ಸಾಕ್ಷ್ಯ ಮಾತ್ರ ದೊರೆಯುವುದು ವಿರಳ.

ಇದಕ್ಕಾಗಿ ವಿದ್ಯಾರ್ಥಿಯನ್ನು ದೂರುವುದು ಸುಲಭ, ಆದರೆ ನ್ಯಾಯವಲ್ಲ. ನಾವು ಬೇಡಿದ್ದನ್ನೇ ಆತ ತಂದುಕೊಟ್ಟಿದ್ದಾನೆ. ಹೀಗಿರುವಲ್ಲಿ ಅಧ್ಯಾಪಕರಾದ ನಾವು ಮೊದಲು ಕೇಳಿಕೊಳ್ಳತಕ್ಕ ಪ್ರಶ್ನೆ ಇದು: ಕಲಾಕೃತಿಯ ಅನುಭವವನ್ನು ಕಲಿಸಬಹುದೆ? ಕಲಿಸಲು ಬಾರದೆಂದಾದರೆ ಸಂಗ್ರಹಾಲಯದಲ್ಲಿ ಅಧ್ಯಾಪಕನ ಕೆಲಸವೇನು? ಈ ವಿಷಯದಲ್ಲಿ ಪ್ರಸಿದ್ಧವಾಗಿರುವ ಎರಡು ಪಕ್ಷಗಳನ್ನು ನಮ್ಮ ಸೀಮೆಯ ಒಂದು ಕೃತಿಯ ಒರೆಗಲ್ಲಿಗೆ ಹಚ್ಚಿ ನೋಡುವುದೇ ಪ್ರಸ್ತುತ ಲೇಖನದ ಉದ್ದೇಶ.

೨

ಎರಡು ಪಕ್ಷಗಳೂ ಬಾಸ್ಟನ್ ನಗರದ ಒಂದೇ ಕಲಾಸಂಗ್ರಹಾಲಯದಲ್ಲಿ ನೆಲೆ ಕಂಡುದು ಒಂದು ವಿಶೇಷ. ಅಲ್ಲಿನ ಕಾರ್ಯದರ್ಶಿಯಾಗಿದ್ದ ಬೆಂಜಮಿನ್ ಐವ್ಸ್ ಗಿಲ್ಮನ್ ವಿಜ್ಞಾನದ ಸಂಗ್ರಹಾಲಯ ಪಾಠಶಾಲೆಗೆ ಸಮಾನ, ಕಲೆಯ ಸಂಗ್ರಹಾಲಯ ದೇಗುಲಕ್ಕೆ ಸಮಾನ ಎಂದು ಭಾವಿಸಿದವನು. ಕೃತಿಯನ್ನು ಅದರ ಸೌಂದರ್ಯಕ್ಕಾಗಿಯೇ ನೋಡತಕ್ಕದ್ದು, ಉಳಿದ ಜ್ಞಾನವೆಲ್ಲ ಅದಕ್ಕೆ ಪರಿಚಾರಕ ಎಂಬುದು ಆತನ ನಿಲುವು. ಆದರೂ ೧೯೦೭ರಲ್ಲಿ ನೋಡುಗರ ಜೊತೆಗೆ ನಿಂತು ಕೃತಿಗಳನ್ನು ಪರಿಚಯಿಸುವ ವ್ಯಾಖ್ಯಾನಕಾರರ ಪದ್ಧತಿಯನ್ನು ಅಲ್ಲಿ ತಂದವನೂ ಆತನೇ. ೧೯೧೬ರಲ್ಲಿ ಆತ ಸಂಗ್ರಹಾಲಯದ ಆಯಾಸವನ್ನು ಕುರಿತು ಬರೆದು, ಪೆಟ್ಟಿಗೆಗಳ ಮುಂದೆ ಬಾಗಿ, ಕುಕ್ಕರಿಸಿ, ಕತ್ತು ಚಾಚಿ ನೋಡಬೇಕಾದವನ ಪಾಡನ್ನು ಛಾಯಾಚಿತ್ರಗಳಲ್ಲಿ ತೋರಿಸಿದನು.

ಅದೇ ಸಂಗ್ರಹಾಲಯಕ್ಕೆ ೧೯೧೭ರಲ್ಲಿ ಬಂದು, ಮೂವತ್ತು ವರ್ಷ ಭಾರತೀಯ ಕಲಾವಿಭಾಗವನ್ನು ನೋಡಿಕೊಂಡ ಆನಂದ ಕುಮಾರಸ್ವಾಮಿಯವರದು ಇದಿರು ಪಕ್ಷ. ಸಂಗ್ರಹಾಲಯದಲ್ಲಿರುವ ಪ್ರಾಚೀನ ವಸ್ತುಗಳಲ್ಲಿ ಯಾವುದನ್ನೂ ಸಂಗ್ರಹಾಲಯಕ್ಕಾಗಿ ಮಾಡಿದ್ದಲ್ಲ. ಅವುಗಳಿಗೆ ಒಂದು ವಿನಿಯೋಗವಿತ್ತು, ಅರ್ಥವಿತ್ತು. ಅದನ್ನು ಬಿಟ್ಟು ಕಣ್ಣಿನ ಸುಖವನ್ನಷ್ಟೇ ಪಡೆಯುವುದು ಅರ್ಧ ನೋಟ ಎಂಬುದು ಅವರ ವಾದದ ತಿರುಳು. ೧೯೩೪ರಲ್ಲಿ ಪ್ರಕಟವಾದ ‘ಕಲೆ ಎಂಬ ಅನುಭವ’ ಎಂಬರ್ಥದ ಗ್ರಂಥದಲ್ಲಿ ಜಾನ್ ಡ್ಯೂಯಿ ಬೇರೊಂದು ದಾರಿಯಿಂದ ಇದಕ್ಕೆ ಸಮೀಪವಾದ ನಿರ್ಣಯಕ್ಕೆ ಬಂದನು. ಕಲೆಯನ್ನು ಬದುಕಿನಿಂದ ಬೇರ್ಪಡಿಸಿ ಪೀಠದ ಮೇಲಿರಿಸಿದುದರಿಂದಲೇ ಅದು ಸಾಮಾನ್ಯನಿಗೆ ಪರಕೀಯವಾಯಿತೆಂದು ಆತನ ಆಕ್ಷೇಪ.

ಒಂದು ಪಕ್ಷ ಕೃತಿಯನ್ನು ಸಂದರ್ಭದಿಂದ ಬಿಡಿಸಿ ನೋಡು ಎನ್ನುತ್ತದೆ. ಇನ್ನೊಂದು ಸಂದರ್ಭದಲ್ಲಿರಿಸಿ ನೋಡು ಎನ್ನುತ್ತದೆ. ಎರಡನೆಯದು ನಮಗೆ ಹೆಚ್ಚು ಪ್ರಿಯವಾಗುವುದು ಸಹಜ. ನಮ್ಮ ಶಿಲ್ಪಗಳು ಬಹುಪಾಲು ಇನ್ನೂ ತಮ್ಮ ಎಡೆಯಲ್ಲಿಯೇ ಇವೆಯಲ್ಲವೆ? ಆದರೆ ಪ್ರಿಯವಾದುದೆಲ್ಲ ಪರೀಕ್ಷೆಗೆ ನಿಲ್ಲುವುದೆಂದು ಹೇಳಲಾಗದು.

೩

ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಿ ಎರಡು ದೇವಾಲಯಗಳು ಪ್ರಸಿದ್ಧ. ಒಂದು ಹದಿಮೂರನೆಯ ಶತಮಾನದ ಹೊಯ್ಸಳ ಶೈಲಿಯ ಚೆನ್ನಕೇಶವಾಲಯ. ಹೊನೋಜನೆಂಬ ಶಿಲ್ಪಿಯ ಹೆಸರು ಅದರೊಡನೆ ಕೂಡಿಬಂದಿದೆ. ಇನ್ನೊಂದು ಅದಕ್ಕಿಂತ ಮುನ್ನೂರು ವರ್ಷಗಳಿಗೂ ಹಿಂದಿನ, ನೊಳಂಬ ಶೈಲಿಯ ಕಲ್ಲೇಶ್ವರಾಲಯ. ಈ ಕಲ್ಲೇಶ್ವರಾಲಯದ ಭುವನೇಶ್ವರಿ, ಎಂದರೆ ಕೆತ್ತನೆಯ ಒಳಮಾಳಿಗೆ, ಕನ್ನಡನಾಡಿನ ಶಿಲ್ಪದಲ್ಲಿಯೇ ಗಣ್ಯವಾದುದು. ನಡುವಣ ಅಂಕಣದಲ್ಲಿ ವಾದ್ಯಗಾರರೊಡನೆ ನರ್ತಿಸುವ ಶಿವ. ಸುತ್ತಲಿನ ಎಂಟು ಅಂಕಣಗಳಲ್ಲಿ ಅಷ್ಟದಿಕ್ಪಾಲಕರು.

ಇದೇ ನೊಳಂಬ ಸಂಪ್ರದಾಯದ ಶಿಲ್ಪಗಳು ಶಿರಾ ಸೀಮೆಗೆ ತಾಗಿದ ಹೇಮಾವತಿಯಲ್ಲಿ, ಎಂದರೆ ನೊಳಂಬರ ರಾಜಧಾನಿಯಾಗಿದ್ದ ಹೆಂಜೇರಿನಲ್ಲಿ, ವಿಪುಲವಾಗಿದ್ದುವು. ಅವುಗಳಲ್ಲಿ ಹಲವು ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿದುವು; ಅಲ್ಲಿರುವ ನೊಳಂಬ ಶಿಲ್ಪಗಳನ್ನು ಕುರಿತು ಸಿ. ಶಿವರಾಮಮೂರ್ತಿಯವರ ಗ್ರಂಥ ೧೯೬೪ರಲ್ಲಿ ಹೊರಬಂದಿತು. ಹೀಗೆ ಒಂದೇ ಮನೆತನದ ಕೃತಿಗಳಲ್ಲಿ ಕೆಲವು ತಮ್ಮ ನೆಲೆಯಲ್ಲಿ ಉಳಿದಿವೆ, ಕೆಲವು ಸಂಗ್ರಹಾಲಯಕ್ಕೆ ಹೋಗಿವೆ. ಎರಡು ಪಕ್ಷಗಳನ್ನು ತೂಗಿ ನೋಡಲು ಇದಕ್ಕಿಂತ ಉಚಿತವಾದ ನಿದರ್ಶನ ನಮ್ಮ ಸಮೀಪದಲ್ಲಿಲ್ಲ.

ಅರಳಗುಪ್ಪೆಯಲ್ಲಿ ದೊರೆಯುವ ಲಾಭವೇನು? ದಿಕ್ಪಾಲಕನೆಂದರೆ ಒಂದು ದಿಕ್ಕಿಗೆ ಒಡೆಯ. ಇಂದ್ರ ಪೂರ್ವಕ್ಕೆ, ವರುಣ ಪಶ್ಚಿಮಕ್ಕೆ ಸಲ್ಲುವವರೆಂಬುದು ಅವರ ಅರ್ಥದಲ್ಲಿಯೇ ಅಡಗಿದೆ. ಭುವನೇಶ್ವರಿಯ ನಡುವೆ ನಿಂತು ಮೇಲೆ ನೋಡಿದವನಿಗೆ ಎಂಟು ದಿಕ್ಕುಗಳು ತನ್ನ ಸುತ್ತ ಹರಡಿರುವುದೂ ನರ್ತಿಸುವವನ ನೇರ ಕೆಳಗೆ ತಾನು ನಿಂತಿರುವುದೂ ಮೈಯಿಂದಲೇ ತಿಳಿಯುತ್ತದೆ. ಈ ಅಂಕಣಗಳಲ್ಲಿ ಒಂದನ್ನು ಕಿತ್ತು ಗೋಡೆಗೆ ನಿಲ್ಲಿಸಿದರೆ ರೂಪ ಉಳಿದೀತು, ದಿಕ್ಕು ಉಳಿಯದು. ಕುಮಾರಸ್ವಾಮಿಯವರ ಮಾತಿಗೆ ಇಷ್ಟರಮಟ್ಟಿಗೆ ಜಯ.

ಆದರೆ ಅದೇ ಎಡೆಯಲ್ಲಿ ನಷ್ಟವೂ ಉಂಟು. ಒಳಗಿನ ಬೆಳಕು ಮಂದ. ಕತ್ತೆತ್ತಿ ನಿಂತವನು ಐದು ನಿಮಿಷದಲ್ಲಿ ದಣಿಯುತ್ತಾನೆ. ಗಿಲ್ಮನ್ ವರ್ಣಿಸಿದ ಆಯಾಸ ಸಂಗ್ರಹಾಲಯದ ಸ್ವತ್ತಲ್ಲವೆಂಬುದು ಆಗ ಅರಿವಾಗುತ್ತದೆ. ವಾದ್ಯಗಾರನ ಬೆರಳು, ವಾಹನದ ನಡೆ, ಆಭರಣದ ಕುಸುರಿ ಇವನ್ನು ಕಣ್ಣಿನ ಮಟ್ಟದಲ್ಲಿ, ಸಮನಾದ ಬೆಳಕಿನಲ್ಲಿ, ಬೇಕಾದಷ್ಟು ಹೊತ್ತು ನೋಡುವ ಅನುಕೂಲ ಅಲ್ಲಿಲ್ಲ. ಆ ಅನುಕೂಲವನ್ನು ಸಂಗ್ರಹಾಲಯ ಕೊಡಬಲ್ಲುದು. ಇಷ್ಟರಮಟ್ಟಿಗೆ ಜಯ ಗಿಲ್ಮನ್ನನದು.

ಆದಕಾರಣ ಸ್ಥಳ ತಾನೇ ಅನುಭವವನ್ನು ಕೊಡುತ್ತದೆ ಎಂಬ ನಂಬಿಕೆ ಎರಡು ಪಕ್ಷಗಳಿಗೂ ಸಾಮಾನ್ಯವಾದ ದೋಷವೆನ್ನಬೇಕು. ಸ್ಥಳಸ್ಥಳಕ್ಕೆ ಅದರದರ ಅಡ್ಡಿಗಳಿವೆ. ವಿಚಾರ ಮಾಡತಕ್ಕದ್ದು ಆ ಅಡ್ಡಿಗಳನ್ನು.

೪

ಅಡ್ಡಿಗಳ ವಿಚಾರ ನಮ್ಮ ಕಾವ್ಯಮೀಮಾಂಸೆಗೆ ಹೊಸತಲ್ಲ. ಅಭಿನವಗುಪ್ತ ತನ್ನ ‘ಅಭಿನವಭಾರತಿ’ಯಲ್ಲಿ ರಸವನ್ನು ವಿಘ್ನವಿಲ್ಲದ ಪ್ರತೀತಿಯೆಂದು ಗ್ರಹಿಸಿ, ಏಳು ವಿಘ್ನಗಳನ್ನು ಎಣಿಸಿದ್ದಾನೆ. ಈ ಶಾಸ್ತ್ರವನ್ನು ಕನ್ನಡದಲ್ಲಿ ಸಮಗ್ರವಾಗಿ ತಿಳಿಸಿಕೊಟ್ಟ ‘ಭಾರತೀಯ ಕಾವ್ಯಮೀಮಾಂಸೆ’ (೧೯೫೩) ಗ್ರಂಥದ ಕರ್ತೃ ತೀ. ನಂ. ಶ್ರೀಕಂಠಯ್ಯನವರು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು. ಮೈಸೂರಿನ ಎಂ. ಹಿರಿಯಣ್ಣನವರ ಕಲಾನುಭವವಿಷಯಕ ಪ್ರಬಂಧಗಳು ೧೯೫೪ರಲ್ಲಿ ಗ್ರಂಥರೂಪದಲ್ಲಿ ಬಂದುವು. ಹೊರಗಿನ ಸಿದ್ಧಾಂತಗಳನ್ನು ಹುಡುಕುವ ಮೊದಲು ಮನೆಯ ಬಾಗಿಲಲ್ಲಿರುವ ಈ ನೆರವನ್ನು ಬಳಸಿಕೊಳ್ಳುವುದು ಲೇಸು.

ರಸವಿಚಾರ ನಾಟಕಕ್ಕೆ ಹುಟ್ಟಿದುದು, ಶಿಲ್ಪಕ್ಕೆ ಅದನ್ನು ಹಚ್ಚುವುದು ಸರಿಯೆ ಎಂದು ಕೇಳಬಹುದು. ವಿಷ್ಣುಧರ್ಮೋತ್ತರದ ಚಿತ್ರಸೂತ್ರದಲ್ಲಿ ಚಿತ್ರಕ್ಕೂ ರಸಗಳನ್ನು ಹೇಳಿದೆ. ಪ್ರತಿಮೆಯನ್ನು ತಿಳಿಯಲು ಚಿತ್ರ ಬೇಕು, ಚಿತ್ರಕ್ಕೆ ನೃತ್ಯ, ನೃತ್ಯಕ್ಕೆ ವಾದ್ಯ, ವಾದ್ಯಕ್ಕೆ ಗೀತ ಬೇಕು ಎಂಬ ಕ್ರಮವೂ ಅಲ್ಲಿದೆ. ನರ್ತಿಸುವ ಶಿವನ ಬಳಿ ವಾದ್ಯಗಾರರನ್ನು ಕಡೆದಿರಿಸಿದ ಭುವನೇಶ್ವರಿಗೆ ಈ ಮಾತು ಹೊರಗಿನದಾಗಲಾರದು.

ಏಳು ವಿಘ್ನಗಳಲ್ಲಿ ನಾಲ್ಕು ಸಂಗ್ರಹಾಲಯಕ್ಕೆ ವಿಶೇಷವಾಗಿ ಅನ್ವಯಿಸುತ್ತವೆ. ಮೊದಲನೆಯದು ಸಂಭಾವನಾವಿರಹ: ಇದು ನನಗೆ ನಿಲುಕುವ ಸಂಗತಿಯೆಂದೇ ತೋರದಿರುವುದು. ಎರಡನೆಯದು ನಿಜಸುಖಾದಿವಿವಶೀಭಾವ: ತನ್ನ ಸುಖದುಃಖಗಳಿಗೆ, ಹಸಿವು ಬಳಲಿಕೆಗಳಿಗೆ ಮನಸ್ಸು ಒಳಗಾಗಿರುವುದು. ಇದರ ಪರಿಹಾರಕ್ಕೆ ಗೀತವಾದ್ಯಗಳನ್ನೂ ರಂಗಮಂಟಪದ ಅಲಂಕಾರವನ್ನೂ ಅಭಿನವಗುಪ್ತ ಹೇಳಿರುವುದನ್ನು ಗಮನಿಸಬೇಕು. ಕಟ್ಟಡವೂ ಪೀಠವೂ ಬೆಳಕೂ ರಸಕ್ಕೆ ಹೊರತಲ್ಲವೆಂದಾಯಿತು. ಮೂರನೆಯದು ಸ್ಫುಟತ್ವಾಭಾವ: ಕಾಣಬೇಕಾದುದು ನಿಚ್ಚಳವಾಗಿ ಕಾಣದಿರುವುದು. ಅರಳಗುಪ್ಪೆಯ ಮಬ್ಬು ಈ ಜಾತಿಯದು. ನಾಲ್ಕನೆಯದು ಅಪ್ರಧಾನತೆ: ಗೌಣವಾದುದು ಮುಂದೆ ಬಂದು ಪ್ರಧಾನವಾದುದನ್ನು ಮರೆಸುವುದು. ಸಂಗ್ರಹಾಲಯಗಳ ಫಲಕಗಳೂ ನಮ್ಮ ಪ್ರಶ್ನಪತ್ರಿಕೆಗಳೂ ಉಂಟುಮಾಡುವ ವಿಘ್ನ ಬಹುಮಟ್ಟಿಗೆ ಇದೇ.

೫

ಹಾಗಾದರೆ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಂತಾಯಿತು. ರಸಾನುಭವವನ್ನು ಕಲಿಸಲು ಬರುವುದಿಲ್ಲ. ಅದರ ವಿಘ್ನಗಳನ್ನು ತೆಗೆಯಲು ಬರುತ್ತದೆ. ಸಂಗ್ರಹಾಲಯದಲ್ಲಿ ಶಿಕ್ಷಣವೆಂದರೆ ವಿಘ್ನನಿವಾರಣೆ. ಇದರಿಂದ ಜ್ಞಾನದ ಸ್ಥಾನವೂ ನಿರ್ಣಯವಾಗುತ್ತದೆ. ಯಾವ ತಿಳಿವಳಿಕೆ ಒಂದು ಅಡ್ಡಿಯನ್ನು ತೆಗೆಯುತ್ತದೆಯೋ ಅದು ಶಿಕ್ಷಣ. ಯಾವುದು ಕೃತಿಯ ಎಡೆಯಲ್ಲಿ ತಾನೇ ಕುಳಿತುಕೊಳ್ಳುತ್ತದೆಯೋ ಅದು ವಿಘ್ನ.

ಬೆಂಗಳೂರಿನ ವಸ್ತುಸಂಗ್ರಹಾಲಯದ ಸಂಗ್ರಹಕ್ಕೆ ಸೇರಿದ ಆತಕೂರಿನ ಕಲ್ಲನ್ನು ತೆಗೆದುಕೊಳ್ಳಬಹುದು. ತಕ್ಕೋಲದ ಯುದ್ಧದ ಉಲ್ಲೇಖಕ್ಕಾಗಿ, ೯೪೯ರ ಸುಮಾರಿನ ಕಾಲನಿರ್ಣಯಕ್ಕಾಗಿ ಅದು ಚರಿತ್ರೆಯಲ್ಲಿ ಮುಖ್ಯ. ವಿದ್ಯಾರ್ಥಿ ಬರೆದುಕೊಳ್ಳುವುದೂ ಅಷ್ಟನ್ನೇ. ಆದರೆ ಕಲ್ಲಿನ ಮೇಲೆ ಕಡೆದಿರುವುದು ಹಂದಿಯೊಡನೆ ಸೆಣಸುವ ನಾಯಿ. ಗಂಗ ಬೂತುಗನ ವೀರನಾದ ಮಣಲೆರ ಬಹುಮಾನವಾಗಿ ಬೇಡಿ ಪಡೆದ ಕಾಳಿ ಎಂಬ ಆ ನಾಯಿ ಹೋರಾಡಿ ಮಡಿದಾಗ ಈ ಕಲ್ಲನ್ನು ನಿಲ್ಲಿಸಿ, ಇದರ ಪೂಜೆಗೆಂದು ಭೂಮಿಯನ್ನೂ ಬಿಡಲಾಯಿತು. ಈ ಸಂಗತಿಯನ್ನು ನಾಲ್ಕು ಮಾತಿನಲ್ಲಿ ತಿಳಿಸಿದರೆ ನೋಡುವವನ ಕಣ್ಣು ಮತ್ತೆ ಆ ಎರಡು ಪ್ರಾಣಿಗಳ ಕಡೆಗೇ ತಿರುಗುತ್ತದೆ. ತಕ್ಕೋಲದ ವರ್ಷವನ್ನಷ್ಟೇ ತಿಳಿಸಿದರೆ ಕಣ್ಣು ಪುಸ್ತಕಕ್ಕೆ ಇಳಿಯುತ್ತದೆ. ಎರಡೂ ನಿಜವಾದ ಜ್ಞಾನವೇ. ಒಂದು ಕೃತಿಯ ಕಡೆಗೆ ಕರೆಯುತ್ತದೆ, ಇನ್ನೊಂದು ಅದರಿಂದ ಕರೆದೊಯ್ಯುತ್ತದೆ.

ವಿಘ್ನಗಳಲ್ಲೆಲ್ಲ ಗಂಭೀರವಾದುದು ಮೊದಲನೆಯದು, ಸಂಭಾವನಾವಿರಹ. ಕಲೆಯೆಂಬುದು ರಾಜಧಾನಿಯಲ್ಲಿರುವ ವಸ್ತು, ಓದಿದವರ ಸೊತ್ತು, ತನಗೆ ದಕ್ಕುವಂಥದಲ್ಲ ಎಂದು ಹಳ್ಳಿಯಿಂದ ಬಂದ ವಿದ್ಯಾರ್ಥಿ ಮೊದಲೇ ಒಪ್ಪಿಕೊಂಡುಬಿಟ್ಟಿರುತ್ತಾನೆ. ೨೦೨೩ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದುದು ಸಂತೋಷದ ಸಂಗತಿ. ಆದರೆ ಪಟ್ಟಿಯಲ್ಲಿಲ್ಲದ ತುರುವೇಕೆರೆಯ ಮೂಲೆ ಶಂಕರೇಶ್ವರ, ಶೆಟ್ಟಿಕೆರೆಯ ಯೋಗಮಾಧವ, ವಿಘ್ನಸಂತೆಯ ಲಕ್ಷ್ಮೀನರಸಿಂಹ ದೇವಾಲಯಗಳು ನೋಡಲು ಅರ್ಹವಲ್ಲವೆಂಬ ಭಾವನೆ ಅದರ ನೆರಳಿನಲ್ಲಿ ಬೆಳೆಯಬಾರದು.

ವಾಸ್ತವವಾಗಿ ಈ ಸೀಮೆಯ ಹುಡುಗನಿಗೆ ಪರಿಣತಿಯೆಂದರೇನೆಂಬುದು ಗೊತ್ತು. ಅಟ್ಟದ ಮೇಲೆ ತಿಂಗಳುಗಟ್ಟಲೆ ಕಾಯಿಗಳನ್ನು ಒಣಗಲು ಬಿಟ್ಟು, ಒಳಗಿನ ನೀರು ಇಂಗಿ ತಿರುಳು ಚಿಪ್ಪು ಬಿಟ್ಟಿತೆಂಬುದನ್ನು ಅಲುಗಾಡಿಸಿದ ಸದ್ದಿನಿಂದಲೇ ತಿಳಿಯುವ ಹಿರಿಯರನ್ನು ಆತ ಕಂಡಿದ್ದಾನೆ. ತಿಪಟೂರಿನ ಮಾರುಕಟ್ಟೆಯಲ್ಲಿ ಉಂಡೆಕೊಬ್ಬರಿಯ ಬಣ್ಣ, ಗಾತ್ರ, ಹೊಳಪುಗಳ ಸೂಕ್ಷ್ಮವ್ಯತ್ಯಾಸದ ಮೇಲೆ ಬೆಲೆ ಏರಿಳಿಯುವುದನ್ನು ನೋಡಿದ್ದಾನೆ. ಆ ವಿವೇಕ ಯಾರಿಗೂ ಫಲಕ ಓದಿ ಬಂದುದಲ್ಲ; ಬಲ್ಲವರ ಪಕ್ಕದಲ್ಲಿ ನಿಂತು, ಮತ್ತೆ ಮತ್ತೆ ಕೈಗೆತ್ತಿಕೊಂಡು ಬಂದುದು. ಕೊಬ್ಬರಿಯ ಪರೀಕ್ಷೆ ಲಾಭಕ್ಕಾಗಿ, ಶಿಲ್ಪದರ್ಶನ ಹಾಗಲ್ಲ ಎಂಬ ಭೇದ ಇದ್ದೇ ಇದೆ. ಆದರೂ ಅಭ್ಯಾಸದ ದಾರಿ ಎರಡಕ್ಕೂ ಒಂದೇ. ಸಹೃದಯನೆಂದರೆ ಅಭ್ಯಾಸದಿಂದ ಮನಸ್ಸಿನ ಕನ್ನಡಿಯನ್ನು ತಿಳಿಗೊಳಿಸಿಕೊಂಡವನೆಂದು ಆಲಂಕಾರಿಕರು ಹೇಳಿರುವುದೂ ಇದನ್ನೇ. ತುರುವೇಕೆರೆಯ ಗಂಗಾಧರೇಶ್ವರನ ಎದುರಿನ ಕರಿಕಲ್ಲಿನ ನಂದಿಗೆ ಅಂಥ ನುಣುಪು ಬಂದುದು ಒಂದೇ ದಿನದ ಉಜ್ಜುವಿಕೆಯಿಂದಲ್ಲ.

೬

ಈ ವಿಚಾರದಿಂದ ಕಾಲೇಜುಗಳ ಅಧ್ಯಾಪಕರಿಗೆ ಮೂರು ಸೂಚನೆಗಳು ಹೊರಡುತ್ತವೆ. ಒಂದು: ದೂರದ ಸಂಗ್ರಹಾಲಯಕ್ಕೆ ಹೋಗುವ ಮುನ್ನ ಸಮೀಪದ ಒಂದು ಕೃತಿಯ ಮುಂದೆ ವಿದ್ಯಾರ್ಥಿ ಒಂದು ಗಂಟೆ ಕಳೆಯಲಿ, ಕಂಡುದನ್ನು ಕೈಲಾದಂತೆ ಗೆರೆಗಳಲ್ಲಿ ಬರೆಯಲಿ. ಚಿತ್ರ ಚೆನ್ನಾಗಿರಬೇಕೆಂದಿಲ್ಲ, ಬರೆಯುವವನು ನೋಡಲೇಬೇಕಾಗುತ್ತದೆ, ಅಷ್ಟೇ ಸಾಕು. ಎರಡು: ಸಂಗ್ರಹಾಲಯದಲ್ಲಿ ಎಲ್ಲ ಕೊಠಡಿಗಳನ್ನೂ ಮುಗಿಸುವ ಹಟ ಬೇಡ, ಮೂರು ನಾಲ್ಕು ಕೃತಿಗಳನ್ನು ಆರಿಸಿಕೊಂಡು, ಮೊದಲು ನೋಟ, ಆಮೇಲೆ ಮಾತು, ಕೊನೆಗೆ ಫಲಕ ಎಂಬ ಕ್ರಮವಿರಲಿ. ಮೂರು: ಹಿಂದಿರುಗಿದ ಮೇಲೆ ವರದಿಯಲ್ಲಿ ಕೇಳತಕ್ಕದ್ದು ಶಿಲ್ಪಗಳ ಪಟ್ಟಿಯಲ್ಲ, ಒಂದೇ ಕೃತಿಯ ವರ್ಣನೆ.

ರಸಾನುಭವಕ್ಕೆ ಅಂಕ ಕೊಡುವುದೆಂತು ಎಂಬ ಆಕ್ಷೇಪ ಏಳುತ್ತದೆ. ಕೊಡಬೇಕಾದುದಿಲ್ಲ. ವರ್ಣನೆ ನಿಜವೆ, ಗಮನ ಸೂಕ್ಷ್ಮವೆ ಎಂಬುದನ್ನು ಪರೀಕ್ಷಿಸಬಹುದು. ಅದರಾಚೆಯದು ಪರೀಕ್ಷಕನ ಅಧಿಕಾರಕ್ಕೆ ಸೇರಿದುದಲ್ಲ. ಪಾಠಕ್ರಮ ದೊಡ್ಡದು, ವೇಳೆ ಸಾಲದು ಎಂಬ ಆಕ್ಷೇಪ ಇದಕ್ಕಿಂತ ನಿಜವಾದುದು. ಆದರೆ ನೂರು ಕೃತಿಗಳ ಮುಂದೆ ನಡೆದುಹೋಗಲು ದೊರೆಯುವ ವೇಳೆ ಮೂರರ ಮುಂದೆ ನಿಲ್ಲಲು ಸಾಲದೆಂದು ಹೇಳಲು ಕಾರಣ ಕಾಣದು.

ಅರಳಗುಪ್ಪೆಯಲ್ಲಿ ಕತ್ತೆತ್ತಿ ನೋಡಿ, ಮಬ್ಬಿನಲ್ಲಿ ಒಂದು ದಿಕ್ಪಾಲಕನ ವಾಹನವನ್ನು ತಾನೇ ಗುರುತಿಸಿದ ವಿದ್ಯಾರ್ಥಿನಿ ಮುಂದೆ ಮದರಾಸಿಗೋ ಬೆಂಗಳೂರಿಗೋ ಹೋದಾಗ ಅಲ್ಲಿನ ಕಲ್ಲುಗಳ ನಡುವೆ ಪರಸ್ಥಳದವಳಾಗಿರುವುದಿಲ್ಲ. ಕಣ್ಣಿನ ಮಟ್ಟಕ್ಕೆ ಇಳಿದುಬಂದ ಶಿಲ್ಪವನ್ನು ಕಂಡು, ಇದು ಯಾವ ಎಡೆಯಿಂದ ಇಳಿಯಿತು, ಯಾವ ದಿಕ್ಕಿಗೆ ಮುಖವಾಗಿತ್ತು ಎಂದು ಆಕೆ ತಾನಾಗಿ ಕೇಳಿಯಾಳು. ಆ ಪ್ರಶ್ನೆ ಆಕೆಯ ಬಾಯಲ್ಲಿ ಹುಟ್ಟಿದರೆ ಬಾಸ್ಟನ್ನಿನ ಇಬ್ಬರ ವಾದವೂ ಅಲ್ಲಿಗೆ ಕೂಡಿತು. ಅಧ್ಯಾಪಕನ ಕೆಲಸವೂ ಅಲ್ಲಿಗೆ ಮುಗಿಯಿತು.